ತಣ್ಣೀರನ್ನೂ ತಣಿಸಿ

ಕಣ್ಣಿನ ಪೊರೆ ತೆಗೆಯುವ ಕೆಲಸದಲ್ಲಿ ನನಗೆ ಬಲು ಇಷ್ಟವಾದದ್ದು ಯಾವುದೆಂದು ಕೇಳಿದರೆ ಲಕ್ಷಗಟ್ಟಲೆ ಬೆಲೆಯ ಫೇಕೋ ಯಂತ್ರದ ಕಡೆ ಕೈ ತೋರಿಸುವುದಿಲ್ಲ. ಓಟಿಯ ಫ್ರಿಜ್ಜಿನಲ್ಲಿ ಕೂತಿರುವ ಬಿಎಸ್‌ಎಸ್ ಬಾಟ್ಲಿ ತೋರಿಸುತ್ತೇನೆ. ಕಣ್ಣೊಳಗಿನ ನೀರಿಗೆ ಒಗ್ಗುವ ಹದದಲ್ಲಿ ಲವಣ ಬೆರೆಸಿದ ದ್ರವ ಅದು. ಸಿಸ್ಟರ್ ಸ್ಟ್ಯಾಂಡಿಗೆ ನೇತುಹಾಕುವಾಗ ಬಾಟ್ಲಿಯ ಮೈಮೇಲೆ ಹನಿ ಕಟ್ಟಿರುತ್ತದೆ. ಅದನ್ನು ಕಂಡರೇ ನನಗೆ ಅರ್ಧ ಧೈರ್ಯ.

ಫೇಕೋ ಸೂಜಿ ಸೆಕೆಂಡಿಗೆ ಸುಮಾರು 40,000 ಸಲ ಅದುರಿ ಪೊರೆಯನ್ನು ಪುಡಿಮಾಡುತ್ತದೆ. ಅಷ್ಟು ಅದುರಿದ ಮೇಲೆ ಬಿಸಿಯಾಗದೆ ಇದ್ದೀತೆ? ಅದು ಹೊಕ್ಕಿರುವುದೋ ಮೂರು ಮಿಲಿಮೀಟರಿಗೂ ಕಿರಿದಾದ ಗಾಯದಲ್ಲಿ. ಕಾರ್ನಿಯಾದ ಕೊಲಾಜನ್ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಕ್ಕುಗಟ್ಟುತ್ತದೆ. ಆಮೇಲೆ ಗಾಯದ ಅಂಚುಗಳು ಕೂಡುವುದಿಲ್ಲ. ಹೊಲಿಗೆ ಬೀಳುತ್ತದೆ, ಕನ್ನಡಕದ ಸಿಲಿಂಡರ್ ನಂಬರು ಏರುತ್ತದೆ. ಸೂಜಿಗೆ ತೊಡಿಸಿದ ಸಿಲಿಕೋನ್ ಸ್ಲೀವಿನೊಳಗೆ ನೀರು ಹರಿಯುತ್ತಿರುವ ತನಕ ಭಯವಿಲ್ಲ. ಕಣ್ಣೊಳಗೆ ತುಂಬಿದ ಜೆಲ್ ಸಿಕ್ಕಿಕೊಂಡು ಹರಿವು ನಿಂತಿತೋ, ಮೊನೆಯ ಸುತ್ತ ಹಾಲುಬಿಳುಪಿನ ಮೋಡ ಏಳುತ್ತದೆ. ಯಂತ್ರದ ಪೆಡಲಿನಿಂದ ಕಾಲು ತೆಗೆಯಲು ಆಗ ಸಿಗುವುದು ಒಂದೆರಡೇ ಸೆಕೆಂಡು.

ಈ ಸೂಜಿಯನ್ನು ಕೊಟ್ಟವರು ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್. ಅದಕ್ಕೂ ಮುಂಚೆ ಅವರು ಪೊರೆಯನ್ನು ಹೆಪ್ಪುಗಟ್ಟಿಸಿ, ಕೊರೆಯುವಷ್ಟು ತಣ್ಣನೆಯ ಸಲಾಕೆಗೆ ಅಂಟಿಸಿ ಹೊರಗೆಳೆಯುವ ವಿಧಾನದ ಬೆನ್ನು ಹತ್ತಿದ್ದರು. 1960ರ ದಶಕದಲ್ಲಿ ದಂತವೈದ್ಯರ ಕುರ್ಚಿಯಲ್ಲಿ ಕೂತಾಗ ಹಲ್ಲು ಉಜ್ಜುವ ಅಲ್ಟ್ರಾಸೌಂಡ್ ಉಪಕರಣ ಕಂಡು ಫೇಕೋ ಹೊಳೆಯಿತು. ತಂಪು ಬಿಟ್ಟು ಬಿಸಿ ಹಿಡಿದರು! ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಆಸಾಮಿ. ರಾಗ ಬದಲಿಸುವುದು ಅವರಿಗೆ ಕಷ್ಟವೇನಲ್ಲ.

ಫ್ರಿಜ್ಜಿನ 4 ಡಿಗ್ರಿಯ ಚಳಿ ನಳಿಕೆ ದಾಟಿ ಕಣ್ಣು ತಲುಪುವಷ್ಟರಲ್ಲಿ ಒಂದಿಷ್ಟು ಕರಗಿರುತ್ತದೆ ನಿಜ. ಮೆತ್ತಗಿನ ಪೊರೆಗೆ ಕೋಣೆಯಲ್ಲಿಟ್ಟ ನೀರೇ ಧಾರಾಳ ಸಾಕು, ಅದನ್ನೂ ಒಪ್ಪುತ್ತೇನೆ. ಆದರೆ ತಂಪಿನಲ್ಲಿ ರಕ್ತನಾಳಗಳು ಬಿಗಿಯುತ್ತವೆ, ಊತ ತಗ್ಗುತ್ತದೆ, ನೋವೂ ಮಂದವಾಗುತ್ತದೆ. ಕನ್ನಡಕ ಬಿಡಿಸುವ ಪಿಆರ್‌ಕೆ ಲೇಸರಿನಲ್ಲೂ ಇದೇ ಕಾರಣಕ್ಕೆ ತಣ್ಣನೆಯ ಬಿಎಸ್‌ಎಸ್ ಸುರಿಯುವವರಿದ್ದಾರೆ. ಕಾರ್ನಿಯಾದ ಒಳಪದರದ ಜೀವಕೋಶಗಳಂತೂ ಬಿಸಿ ತಾಗಿ ಹೋದರೆ ಹೋದವೇ, ಮತ್ತೆ ಹುಟ್ಟುವುದಿಲ್ಲ. ಅವುಗಳ ವಿಷಯದಲ್ಲಿ ನಾನು ಕಡುಜಿಪುಣ.

ಇಂಜೆಕ್ಷನ್ ಇಲ್ಲದೆ ಬರೀ ಡ್ರಾಪ್ಸ್ ಹಾಕಿ ಮಾಡುವಾಗ ಹಾಸಿಗೆಯ ಮೇಲಿನ ಅಜ್ಜಿ ಬಟ್ಟೆಯಡಿಯಿಂದಲೇ, “ಕಣ್ಣು ತಂಪಾತ್ರೀ ಸಾಹೇಬ್ರ” ಅನ್ನುವುದುಂಟು. “ಆಗ್ಲಿ ಬೇ ಯಮ್ಮಾ, ತಲಿ ಅಲುಗಾಡಿಸಬ್ಯಾಡ” ಅನ್ನುತ್ತೇನೆ. ಮಾಸ್ಕಿನೊಳಗೆ ನಗುವುದು ಯಾರಿಗೂ ಕಾಣುವುದಿಲ್ಲ.

ಇಂಥ ಅಜ್ಜಿಯರ ಪೊರೆ ಬಹುಪಾಲು ಕಂದುಗಟ್ಟಿ ಕಲ್ಲಾಗಿರುತ್ತದೆ. “ಹಣ್ಣಾಗ್ಲಿ ಅಂತ ಕಾದ್ವಿ” ಎಂದು ಮನೆಯವರು ಹೇಳುತ್ತಾರೆ. ಕಾಯುವ ಕಾಲ ಎಂದೋ ಹೋಯಿತು. ಬಲಿತಷ್ಟೂ ಸೂಜಿ ಹೆಚ್ಚು ಹೊತ್ತು ಅದುರಬೇಕು, ಬಿಸಿಯೂ ಹೆಚ್ಚು. ಪತ್ರಿಕೆ ಓದಲು, ರಸ್ತೆ ದಾಟಲು ತೊಡಕಾದ ಕೂಡಲೇ ನಿಮ್ಮ ಮನೆಯ ಹಿರಿಯರನ್ನು ಕರೆತಂದು ತೋರಿಸಿ.