ಲೆಕ್ಕದೊಳಗಿನ ಮನುಷ್ಯ

ಅಣುಸ್ಥಾವರದ ಸುತ್ತ ಬದುಕುವ ಜನರಿಗೆ ಎಷ್ಟು ವಿಕಿರಣ ತಾಗುತ್ತದೆ? ಸಾಮಾನ್ಯ ದಿನಗಳಲ್ಲಿ ಅದು ಎಷ್ಟು ಅಲ್ಪವೆಂದರೆ, ಒಬ್ಬೊಬ್ಬರ ಮೈಯಲ್ಲಿ ಅಳೆದು ತಿಳಿಯುವುದು ಕಷ್ಟ. ಲೆಕ್ಕ ಹಾಕಬೇಕು. ಕೈಗಾದ ಬಗ್ಗೆ ಓದುತ್ತಾ ಈ ಲೆಕ್ಕದ ದಾರಿ ನನ್ನನ್ನು ಹಿಡಿದು ನಿಲ್ಲಿಸಿತು. ಚಿಮಣಿಯಿಂದ ಏನು ಹೋಯಿತು, ಗಾಳಿ ಯಾವ ಕಡೆ ಬೀಸಿತು, ಮಳೆ ಎಷ್ಟನ್ನು ಇಳಿಸಿತು, ಹುಲ್ಲು ಎಷ್ಟು ಹೀರಿತು, ಹಸುವಿನ ಹಾಲು ಯಾರ ಮನೆಗೆ ಹೋಯಿತು. ಇನ್ನೊಂದು ದಾರಿ ಕದ್ರಾ ಜಲಾಶಯದ್ದು: ನೀರಿನಿಂದ ಮೀನಿಗೆ, ಮೀನಿನಿಂದ ತಟ್ಟೆಗೆ. ಹಾಲಿನ ದಾರಿ ಬರೀ ಊಹೆಯಲ್ಲ. 1957ರಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲ್‌ನಲ್ಲಿ ಬೆಂಕಿ ಬಿದ್ದಾಗ ಸುತ್ತಲಿನ ಹಳ್ಳಿಗಳ ಹಾಲನ್ನು ಚೆಲ್ಲಬೇಕಾಯಿತು.

ದಾರಿಯ ಕೊನೆಗೆ ಒಬ್ಬ ಮನುಷ್ಯ ನಿಂತಿದ್ದಾನೆ. ವಿಜ್ಞಾನಿಗಳು ಅವನನ್ನು ‘ಪ್ರಾತಿನಿಧಿಕ ವ್ಯಕ್ತಿ’ ಎನ್ನುತ್ತಾರೆ. ಎಲ್ಲರಿಗಿಂತ ಹೆಚ್ಚು ತಾಗಬಹುದಾದವರ ಪರವಾಗಿ ಅವನನ್ನು ಕಟ್ಟುತ್ತಾರೆ: ಸ್ಥಾವರಕ್ಕೆ ಹತ್ತಿರದ ಮನೆ, ಅಲ್ಲಿಯದೇ ಅಕ್ಕಿ, ಅಲ್ಲಿಯದೇ ಹಾಲು, ಕಾಳಿ ನದಿಯ ಮೀನು. ಕತೆಗಾರರಿಗೆ ಇದು ಪರಿಚಿತ ಕೆಲಸ. ನಾವೂ ಹೀಗೇ ಹತ್ತು ಜನರ ಅಭ್ಯಾಸ ಸೇರಿಸಿ ಒಬ್ಬ ಕಾಸೀಮನನ್ನೋ ಹನುಮಂತನನ್ನೋ ಮಾಡುತ್ತೇವೆ. ನಮ್ಮ ಪಾತ್ರ ಸರಿಯಿಲ್ಲದಿದ್ದರೆ ಸಂಪಾದಕರು ಕತೆ ವಾಪಸು ಕಳಿಸುತ್ತಾರೆ, ಅಷ್ಟೆ. ಅವರ ಪಾತ್ರ ವರ್ಷಕ್ಕೆ ಎಷ್ಟು ಮೀನು ತಿನ್ನುತ್ತಾನೆಂಬುದು ತಪ್ಪಿದರೆ, ಜನಸಾಮಾನ್ಯರಿಗೆ ನಿಗದಿಯಾದ ವರ್ಷಕ್ಕೆ 1 ಮಿಲಿಸೀವರ್ಟ್ ಮಿತಿಯೊಳಗೇ ಇದ್ದೇವೆ ಎಂಬ ಭರವಸೆಯೂ ಅಲುಗುತ್ತದೆ.

ನ್ಯಾಯವಾಗಿ ಹೇಳಬೇಕು. ಕೈಗಾದ ವಿದ್ಯುತ್ ಹರಿಯುವ ಮೊದಲೇ ಅಲ್ಲಿನ ಮಣ್ಣು, ನೀರುಗಳ ಸಹಜ ವಿಕಿರಣವನ್ನು ಅಳೆದಿಟ್ಟಿದ್ದರು. ಪ್ರಕಟವಾದ ಲೆಕ್ಕಗಳು ಮಿತಿಗಿಂತ ಬಹಳ ಕೆಳಗಿವೆ. ನಿಸರ್ಗದಿಂದಲೇ ಮನುಷ್ಯನಿಗೆ ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್ ತಾಗುತ್ತದೆ. ಇವನ್ನು ಅಲ್ಲಗಳೆಯಲು ನನ್ನ ಬಳಿ ಏನೂ ಇಲ್ಲ. ಆದರೆ ಕೈಗಾ ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೆ ನಿಂತದ್ದು ಅಂಕಿಗಳ ಜಗಳಕ್ಕಷ್ಟೇ ಅಲ್ಲ. 1994ರಲ್ಲಿ, ಇನ್ನೂ ಕಟ್ಟುತ್ತಿದ್ದ ಗುಮ್ಮಟವೇ ಕುಸಿಯಿತು. 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಸೇರಿ 50ಕ್ಕೂ ಹೆಚ್ಚು ನೌಕರರ ಮೂತ್ರದಲ್ಲಿ ಕಂಡಿತು. ಯಾರೋ ಬೇಕೆಂದೇ ಬೆರೆಸಿದ್ದು ಎಂದರು. ಗಾಳಿ, ಮಳೆ, ಹುಲ್ಲುಗಳ ಸಮೀಕರಣದಲ್ಲಿ ಆ ‘ಯಾರೋ’ಗೆ ಜಾಗವಿಲ್ಲ.

ನಮ್ಮ ಗಾದಿಗನೂರಿನ ಕಡೆ ಅಣುಸ್ಥಾವರವಿಲ್ಲ. ಬಳ್ಳಾರಿ ದಾರಿಯ ಕುಡತಿನಿಯಲ್ಲಿ ಇರುವುದು ಕಲ್ಲಿದ್ದಲಿನದು. ಕಲ್ಲಿದ್ದಲಿನಲ್ಲೂ ಯುರೇನಿಯಂ, ಥೋರಿಯಂ ಲೇಶವಿದ್ದು, ಉರಿದ ಮೇಲೆ ಬಹುಪಾಲು ಬೂದಿಯಲ್ಲಿ ಉಳಿಯುತ್ತದೆ. ನಮ್ಮ ಜೋಳದ ರೊಟ್ಟಿ ಎಷ್ಟು, ಎಮ್ಮೆ ಹಾಲು ಎಷ್ಟು ಎಂದು ಕೇಳಿಕೊಂಡು ನಮ್ಮ ಮನೆಗಂತೂ ಯಾರೂ ಬಂದಿಲ್ಲ. ಬಂದರೆ ನಮ್ಮ ಖಾಲಾ ಮೊದಲು ಚಾ ಕುಡಿಸಿ ಆಮೇಲೆ ಲೆಕ್ಕ ಹೇಳುತ್ತಾರೆ, ರಂಜಾನಿನದು ಬೇರೆ, ಉಳಿದ ಹನ್ನೊಂದು ತಿಂಗಳಿನದು ಬೇರೆ.