ನೆನಪಿಗೊಂದು ಗುಂಡಿ ಸೆಲ್ಲು

ಹಾರ್ಮೋನಿಯಮ್ಮಿಗೆ ನೆನಪೆಂಬುದಿಲ್ಲ, ನೆನಪೆಲ್ಲ ನುಡಿಸುವವನ ಬೆರಳುಗಳಲ್ಲಿ. ಕಂಪನಿ ನಾಟಕಗಳಲ್ಲಿ ಕಾಲುಪೆಟ್ಟಿಗೆ ತುಳಿದವರಿಗೆ ಆ ಚಿಂತೆಯೇ ಇರಲಿಲ್ಲ. 1984ರಲ್ಲಿ ಜಪಾನಿನ ಕ್ಯಾಸಿಯೊ ಹೊರತಂದ ಸಿ.ಝೆಡ್-101 ಎಂಬ ಸಿಂಥಸೈಜರ್‌ನಂಥ ವಾದ್ಯಗಳೊಡನೆ ಪೆಟ್ಟಿಗೆಗೂ ನೆನಪು ಬಂದಿತು; ನೆನಪಿನ ಬೆನ್ನಿಗೇ ಮರೆವಿನ ಭಯವೂ ಬಂದಿತು.

ಹೊನ್ನಾಳಿಯ ಆರ್ಕೆಸ್ಟ್ರಾ ವಾದಕರೊಬ್ಬರ ಮನೆಯಲ್ಲಿ ಅಂಥದೊಂದು ವಾದ್ಯವಿದೆ. ನುಡಿಸುತ್ತಿದ್ದ ಅಣ್ಣ ಈಗಿಲ್ಲ. ಅದರೊಳಗೆ ಕಾರ್ಖಾನೆಯವರು ಇರಿಸಿದ ಹದಿನಾರು ದನಿಗಳು ಅಳಿಯುವಂಥವಲ್ಲ. ಉಳಿದ ಹದಿನಾರು ಅಣ್ಣನೇ ಹದಗೊಳಿಸಿದವು. ಅವುಗಳಲ್ಲೊಂದು ಮದುವೆಯ ಓಲಗ. ಅದೂ ಅಪ್ಪಟ ಓಲಗವಲ್ಲ, ನೆಗಡಿಯಾದ ಓಲಗ! ಚನ್ನಗಿರಿಯಿಂದ ಜಗಳೂರಿನವರೆಗೆ ಗಣಪತಿಯ ಚಪ್ಪರಗಳಲ್ಲಿ ಜನ ಆ ದನಿಯಿಂದಲೇ ಅವರ ತಂಡವನ್ನು ಗುರುತಿಸುತ್ತಿದ್ದರು.

ಇವನ್ನು ಕಾಯುವುದು ವಾದ್ಯದ ಹೊಟ್ಟೆಯಲ್ಲಿರುವ ಆರು ದಪ್ಪ ಟಾರ್ಚ್ ಸೆಲ್ಲುಗಳು. ಸೆಲ್ಲು ಸತ್ತು, ಗೋಡೆಯ ಕರೆಂಟೂ ಇಲ್ಲವಾದರೆ ಎಲ್ಲವೂ ಅಳಿದಂತೆಯೇ. ಸೆಲ್ಲು ಬದಲಿಸುವಾಗ ಅಡಾಪ್ಟರ್ ಜೋಡಿಸಿಯೇ ಇರಬೇಕು. ಆದರೆ ಕರೆಂಟು ಹೋಗದ ಗಳಿಗೆಯನ್ನು ಯಾವ ಪಂಚಾಂಗ ಹೇಳೀತು?

ನ್ಯಾಮತಿಯ ರೇಡಿಯೋ ರಿಪೇರಿಯವರು ಉಪಾಯ ಸೂಚಿಸಿದರು. ಮೂರು ವೋಲ್ಟಿನ ಗುಂಡಿ ಸೆಲ್ಲೊಂದನ್ನು ನೆನಪಿನ ಚಿಪ್ಪಿಗೆ ವಿದ್ಯುತ್ತು ಹಾಯುವ ತಂತಿಗೆ ಜೋಡಿಸುವುದು. ನಡುವೆ ಒಂದು ಡಯೋಡು. ಡಯೋಡೆಂದರೆ ಒಂದೇ ಕಡೆಗೆ ತೆರೆಯುವ ಬಾಗಿಲು. ಅದಿಲ್ಲವಾದರೆ ವಾದ್ಯದ ವಿದ್ಯುತ್ತು ಹಿಮ್ಮುಖವಾಗಿ ನುಗ್ಗಿ ಪುಟ್ಟ ಸೆಲ್ಲನ್ನು ಕೆಡಿಸೀತು. ಸೆಲ್ಲಿನ ಗಾತ್ರ ನಾಣ್ಯದಷ್ಟು; ನೆನಪಿಗೆ ಬೇಕಾದ ಆಹಾರವೂ ಅತ್ಯಲ್ಪವಾದ್ದರಿಂದ ಅದು ವರ್ಷಗಟ್ಟಲೆ ಕಾಯಬಲ್ಲುದು.

ತೊಡಕಿದ್ದುದು ಬೇರೆಡೆ. ಬೆಸುಗೆ ಹಾಕಲು ಎಲ್ಲವನ್ನೂ ಬಿಚ್ಚಬೇಕು. ಉಳಿಸಬೇಕೆಂದ ನೆನಪನ್ನೇ ಒಮ್ಮೆ ಕೊಲ್ಲಬೇಕು! ಆದ್ದರಿಂದ ಮೊದಲು ಬರೆದುಕೊಳ್ಳಬೇಕಾಯಿತು. ಒಂದು ದನಿಗೆ ಎರಡು ಸಾಲು. ಸಾಲಿಗೆ ಸ್ವರ, ಬಣ್ಣ, ಬಲಗಳ ಮೂರು ನಕ್ಷೆ. ನಕ್ಷೆಗೆ ಎಂಟು ಮೆಟ್ಟಿಲು. ಮೆಟ್ಟಿಲಿಗೆ ವೇಗವೊಂದು, ಎತ್ತರವೊಂದು. ಎಲ್ಲವನ್ನೂ ಬಳಸಿದ್ದರೆ 96 ಅಂಕೆಗಳು. ಇಂಥವು ಹದಿನಾರು ದನಿ!

ಅತ್ತಿಗೆ ಕನ್ನಡಕ ಏರಿಸಿಕೊಂಡು ಪುಟ್ಟ ಪರದೆಯನ್ನು ಓದಿದರು. ಮೈದುನ ಮಗಳ ಲೆಕ್ಕದ ಪುಸ್ತಕದಲ್ಲಿ ಬರೆದರು. ಸಂಗೀತದ ಗಂಧವಿಲ್ಲದವಳೆಂದು ಹೇಳಿಕೊಳ್ಳುತ್ತಿದ್ದ ಆಕೆ ಎರಡು ಇರುಳು ಗಂಡನ ಅಂಕೆಗಳನ್ನು ಓದಿದರು.

ಬೆಸುಗೆ ಮುಗಿಯಿತು. ಅಂಕೆಗಳು ಒಂದೊಂದಾಗಿ ಒಳಗೆ ಹೋದವು. ಓಲಗ ನುಡಿಯಿತು, ಇಂಪಾಗಿಯೇ ನುಡಿಯಿತು.

“ಇದು ಅವರದಲ್ಲ ಕಣಪ್ಪಾ,” ಎಂದರು ಅತ್ತಿಗೆ, ಅಡಿಗೆಮನೆಯಿಂದಲೇ.

ಪುಸ್ತಕವನ್ನು ಮತ್ತೆ ತಡಕಿದ್ದಾಯಿತು. ಅವಸರದಲ್ಲಿ ಬರೆದ ಒಂದು 8, ಓದುವಾಗ 3 ಆಗಿತ್ತು. ತಿದ್ದಿದೊಡನೆ ನೆಗಡಿ ಮರಳಿತು.

ಅಂದು ರಾತ್ರಿ ಕರೆಂಟು ಹೋಯಿತು. ವಾದ್ಯದಲ್ಲಿ ದಪ್ಪ ಸೆಲ್ಲುಗಳಿರಲಿಲ್ಲ. ಮೈದುನ ಟಾರ್ಚಿಗಾಗಿ ತಡಕಾಡಿದರು. ಅತ್ತಿಗೆ ಮಗ್ಗುಲು ಬದಲಿಸಿ ಮಲಗಿದರು.