ಕೈನೂಲಿನ ಬಾವುಟ

ಆಗೆಲ್ಲ ಬಾವುಟದ ಬಟ್ಟೆ ಕೈಗೆ ಒರಟಾಗಿ ತಾಗುತ್ತಿತ್ತು. ಆಗಸ್ಟ್ 14ರ ಸಂಜೆ ಮೇಷ್ಟ್ರು ಅದನ್ನು ಶಾಲೆಯ ಬೀರುವಿನಿಂದ ತೆಗೆದು, ನಮಗೆ ಕೈ ತೊಳೆದು ಬರಲು ಹೇಳಿ, ಆಮೇಲಷ್ಟೇ ಮುಟ್ಟಲು ಬಿಡುತ್ತಿದ್ದರು. ಬೆಳಿಗ್ಗೆ ಮಡಿಕೆಯೊಳಗೆ ಹೂವಿನ ಎಸಳು ತುಂಬಿ ಏರಿಸಿದ್ದನ್ನು ಹೊತ್ತು ಮುಳುಗುವ ಮುನ್ನ ಇಳಿಸುವ ಹೊಣೆ ದೊಡ್ಡ ತರಗತಿಯವರದು. ಜಡಿಮಳೆ ಹಿಡಿದರೂ ಯಾರಾದರೂ ಬರಲೇಬೇಕು. ದೇಶವನ್ನು ಪ್ರೀತಿಸುವುದೆಂದರೆ ಒಂದು ಕೆಲಸಕ್ಕೆ ಹೆಗಲು ಕೊಡುವುದು ಎಂದು ನಾವು ಕಲಿತದ್ದು ಹೀಗೆ.

ಆ ಪ್ರೀತಿಗೆ ಬೆಲೆ ತೆತ್ತವರ ಕಥೆಗಳನ್ನೂ ಮೇಷ್ಟ್ರೇ ಹೇಳುತ್ತಿದ್ದರು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ನಿಷೇಧಾಜ್ಞೆ ಮುರಿದು ಜನ ಬಾವುಟ ಹಾರಿಸಿದರು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಬಾವುಟ ಹಿಡಿದು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆ ಜನ ನೆರೆಯವನ ದೇಶಭಕ್ತಿಯನ್ನು ಅಳೆಯಲು ಹೋಗಲಿಲ್ಲ. ಏಟನ್ನು ತಾವೇ ತಿಂದರು.

ಅವರ ಬಾವುಟದ ನಡುವೆ ಚರಕವಿತ್ತು. 1947ರ ಜುಲೈ 22ರಂದು ಸಂವಿಧಾನ ಸಭೆ ಅದರ ಜಾಗಕ್ಕೆ ಅಶೋಕ ಚಕ್ರವನ್ನು ತಂದಿತು. ಚಿತ್ರದಿಂದ ಹೋದ ಚರಕ ಬಟ್ಟೆಯೊಳಗೆ ಉಳಿದುಕೊಂಡಿತು. ಧಾರವಾಡದ ಗರಗದಲ್ಲಿ, ಬಾಗಲಕೋಟೆಯ ತುಳಸಿಗೇರಿಯಲ್ಲಿ ಮಗ್ಗಗಳು ಬಾವುಟದ ಬಟ್ಟೆ ನೇಯ್ದವು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಘಟಕದಲ್ಲಿ ಹೆಚ್ಚಾಗಿ ಹೆಣ್ಣುಮಕ್ಕಳೇ ಕೂತು ಬಾವುಟ ಹೊಲಿದರು. ಅಳತೆ 3:2ಕ್ಕೆ ಸರಿಯಿರಬೇಕು. 24 ಗೀಟಿನ ಚಕ್ರ ಎರಡೂ ಮಗ್ಗುಲಲ್ಲಿ ಒಂದರ ಮೇಲೊಂದು ಕೂರಬೇಕು. ಬಣ್ಣ ತುಸು ಹೆಚ್ಚುಕಮ್ಮಿಯಾದರೂ ಪರೀಕ್ಷೆಯಲ್ಲಿ ನಿಲ್ಲದು.

2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಬಂತು. ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಮರುವರ್ಷ ಜುಲೈನಲ್ಲಿ ಮನೆಗಳ ಮೇಲೆ ಹಗಲಿರುಳೂ ಹಾರಿಸಬಹುದೆಂದಾಯಿತು. ಬಡವರ ಮನೆಯ ಮೇಲೂ ಬಾವುಟ ಏರಿದ್ದು ಸಂತೋಷವೇ. ಆದರೆ ನೂಲುವ, ನೇಯುವ ಕೈಗಳಿಗೆ ಕೆಲಸ ಕಡಿಮೆಯಾಯಿತು. ಹೊತ್ತು ಮುಳುಗುವಾಗ ಇಳಿಸಲು ಓಡಿಬರುವ ಹೊಣೆಯೂ ಕರಗಿತು. ಆಗಸ್ಟ್ 16ರಂದು ಬೀದಿಯಲ್ಲಿ ಬಿದ್ದ ಬಾವುಟಗಳನ್ನು ಕಂಡರೆ ಕರುಳು ಚುರ್ರೆನ್ನುತ್ತದೆ.

ದೇಶಪ್ರೇಮಕ್ಕೂ ರಾಷ್ಟ್ರವಾದಕ್ಕೂ ಇರುವ ಅಂತರ ನನಗೆ ಕಾಣುವುದು ಈ ಹೊಣೆಯಲ್ಲೇ. ದೇಶಪ್ರೇಮ ತನ್ನ ಪಾಲಿನ ಕೆಲಸವೇನೆಂದು ಹುಡುಕುತ್ತದೆ. ರಾಷ್ಟ್ರವಾದ ಪಕ್ಕದವನ ಮುಂದೆ ನಿಂತು ಪುರಾವೆ ಕೇಳುತ್ತದೆ. ರವೀಂದ್ರನಾಥ ಠಾಕೂರರು 1917ರಲ್ಲೇ ‘ನ್ಯಾಷನಲಿಸಂ’ ಪುಸ್ತಕದಲ್ಲಿ ರಾಷ್ಟ್ರವಾದದ ಅಪಾಯವನ್ನು ಎಚ್ಚರಿಸಿದ್ದರು. ಜಲಿಯನ್‌ವಾಲಾಬಾಗಿನ ಹತ್ಯಾಕಾಂಡವಾದಾಗ, 1919ರಲ್ಲಿ, ಬ್ರಿಟಿಷರು ಕೊಟ್ಟ ‘ಸರ್’ ಪದವಿಯನ್ನು ತೊರೆದವರೂ ಅವರೇ. ನಮ್ಮ ರಾಷ್ಟ್ರಗೀತೆಯೂ ಅವರದೇ. ಅಂಥವರ ದೇಶಪ್ರೇಮಕ್ಕೆ ಯಾರ ಸರ್ಟಿಫಿಕೇಟೂ ಬೇಕಿರಲಿಲ್ಲ.

ಇಂಥ ಸದ್ದಿಲ್ಲದ ಪ್ರೀತಿ ನಮ್ಮ ಕಣ್ಣೆದುರೇ ಸವೆದುಹೋಗುತ್ತಿದೆ. ಬರುವ ಆಗಸ್ಟ್‌ಗೆ ಬಾವುಟ ಕೊಳ್ಳುವುದಾದರೆ ಖಾದಿಯದನ್ನೇ ತನ್ನಿ. ಅದನ್ನು ಮಡಚಿ ಜೋಪಾನ ಮಾಡುವ ಕೆಲಸವನ್ನು ಮಕ್ಕಳಿಗೆ ಕೊಡಿ. ಪಕ್ಕದ ಮನೆಯ ಮಾಳಿಗೆಯಲ್ಲಿ ಬಾವುಟ ಇದೆಯೋ ಇಲ್ಲವೋ ಎಂದು ಮಾತ್ರ ನೋಡಲು ಹೋಗಬೇಡಿ.